ಮೈಕ್ರೋಫೈನಾನ್ಸ್ ಕಂಪನಿಯೊಂದರಲ್ಲಿ ನೌಕರಿ: ಒಳಗಿನಿಂದ ಒಂದು ವಿಮರ್ಶೆ

ಮೈಸೂರು ಭಾಗದ ಜಿಲ್ಲೆಗಳಲ್ಲಿ ಹಲವು ಶಾಖೆಗಳನ್ನು ಹೊಂದಿರುವ ಮೈಕ್ರೋಫೈನಾನ್ಸ್ ಕಂಪನಿಯೊಂದಕ್ಕೆ ಫೀಲ್ಡ್ ಆಫೀಸರ್ ಆಗಿ ಸೇರಿ, ಬ್ರಾಂಚ್ ಮ್ಯಾನೇಜರ್ ಹುದ್ದೆಯಲ್ಲಿದ್ದಾಗ ಕೆಲಸ ಬಿಟ್ಟವನು ನಾನು. ಕಂಪನಿಯ ಹೆಸರನ್ನು ಇಲ್ಲಿ ಹೇಳುತ್ತಿಲ್ಲ. ಹೇಳಿದರೂ ಹೆಚ್ಚಿನ ಪ್ರಯೋಜನವಿಲ್ಲ, ಏಕೆಂದರೆ ಇಲ್ಲಿಂದ ಬಿಟ್ಟವರು ಪಕ್ಕದ ಬೀದಿಯ ಇನ್ನೊಂದು ಕಂಪನಿಗೆ ಹೋಗುತ್ತಾರೆ, ಅಲ್ಲಿಂದ ಬಿಟ್ಟವರು ಇಲ್ಲಿಗೆ ಬರುತ್ತಾರೆ, ಹಾಗೆ ಬಂದವರು ಹೇಳುವ ಕಥೆ ಬಹುಮಟ್ಟಿಗೆ ಒಂದೇ ಆಗಿರುತ್ತದೆ. ಪಿಯುಸಿ ಅಥವಾ ಪದವಿ ಆಗಿದ್ದು, ಬೈಕ್ ಮತ್ತು ಡ್ರೈವಿಂಗ್ ಲೈಸೆನ್ಸ್ ಇದ್ದರೆ ಸಾಕೆಂಬ ಜಾಹೀರಾತು ನೋಡಿ ಸಂದರ್ಶನಕ್ಕೆ ಹೊರಟವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಸಂಬಳ ಮತ್ತು ಕಲಿಕೆಗೆ ಐದಕ್ಕೆ ನಾಲ್ಕು ಅಂಕ ಕೊಡಬಲ್ಲೆ. ಆಡಳಿತಕ್ಕೆ ಒಂದೂವರೆಗಿಂತ ಹೆಚ್ಚು ಕೊಡಲಾರೆ. ಸಾಲ ಪಡೆದ ಮಹಿಳೆಯ ಮನೆ ಬಾಗಿಲಲ್ಲಿ ಊರಿನವರು ಕಾಣುವ ಒತ್ತಡವನ್ನು ಎಲ್ಲರೂ ಫೀಲ್ಡ್ ಹುಡುಗನ ಒರಟುತನವೆಂದೇ ತಿಳಿಯುತ್ತಾರೆ. ಆದರೆ ಆ ಒತ್ತಡ ತಯಾರಾಗುವುದು ಪ್ರತಿದಿನ ಸಂಜೆ ಏರಿಯಾ ಮ್ಯಾನೇಜರ್ ನಡೆಸುವ ಕಾನ್ಫರೆನ್ಸ್ ಕಾಲ್‌ನಲ್ಲಿ. ಈ ಕಂಪನಿಯ ಕೆಲಸದ ವಾತಾವರಣವನ್ನು ಅರ್ಥ ಮಾಡಿಕೊಳ್ಳಬೇಕಾದರೆ ಆ ಕರೆಯನ್ನೇ ಅರ್ಥ ಮಾಡಿಕೊಳ್ಳಬೇಕು.

ಒಳ್ಳೆಯದನ್ನು ಒಳ್ಳೆಯದೆಂದು ಹೇಳಬೇಕು. ನಾನಿದ್ದಷ್ಟು ಕಾಲ ಸಂಬಳ ತಡವಾದ ನೆನಪಿಲ್ಲ. ಪಿಎಫ್ ಹಣ ಸರಿಯಾಗಿ ಜಮೆಯಾಗುತ್ತಿತ್ತು. ಒಟ್ಟು ವೇತನ ತಿಂಗಳಿಗೆ 21,000 ರೂಪಾಯಿ ಮೀರದವರಿಗೆ ಇಎಸ್‌ಐ ಕಾರ್ಡ್ ಕೈಸೇರುತ್ತಿತ್ತು. ಇಂಗ್ಲಿಷ್ ಬಾರದ, ಶಿಫಾರಸು ಇಲ್ಲದ, ಹಳ್ಳಿಯ ಸರ್ಕಾರಿ ಕಾಲೇಜಿನಲ್ಲಿ ಓದಿದ ಹುಡುಗನೊಬ್ಬ ಕೆಲವೇ ವರ್ಷಗಳಲ್ಲಿ ಒಂದು ಶಾಖೆಯ ಜವಾಬ್ದಾರಿ ಹೊರುವಷ್ಟು ಬೆಳೆಯಬಲ್ಲ ಉದ್ಯೋಗಗಳು ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಹೆಚ್ಚಿಲ್ಲ, ಮತ್ತು ಈ ಕಂಪನಿಯಲ್ಲಿ ಬಡ್ತಿಗೆ ಜಾತಿಯಾಗಲಿ ಊರಾಗಲಿ ಅಡ್ಡ ಬಂದದ್ದನ್ನು ನಾನು ನೋಡಿಲ್ಲ. ಒಂದು ಕುಟುಂಬದ ಆದಾಯ ಎಲ್ಲಿಂದ ಬರುತ್ತದೆ, ಹಾಲಿನ ಡೇರಿಯ ಬಟವಾಡೆ ಯಾವ ದಿನ, ರೇಷ್ಮೆಗೂಡಿನ ದುಡ್ಡು ಯಾವಾಗ ಕೈಗೆ ಬರುತ್ತದೆ, ಕಬ್ಬಿನ ಬಾಕಿ ಎಷ್ಟು ತಿಂಗಳು ನಿಲ್ಲುತ್ತದೆ ಎಂಬುದನ್ನು ಇಲ್ಲಿ ಕಲಿತಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಲಿಯಲು ಸಾಧ್ಯವಿರಲಿಲ್ಲ. ಇಲ್ಲಿಂದ ಸಣ್ಣ ಹಣಕಾಸು ಬ್ಯಾಂಕುಗಳಿಗೆ, ಚಿನ್ನದ ಸಾಲದ ಕಂಪನಿಗಳಿಗೆ ಹೋದ ಹಲವು ಸಹೋದ್ಯೋಗಿಗಳು ಈ ತಿಳಿವಳಿಕೆಯ ಬಲದಿಂದಲೇ ಅಲ್ಲಿ ನೆಲೆ ನಿಂತಿದ್ದಾರೆ.

ಸೇರಿದ ಹೊಸದರಲ್ಲಿ ಕೊಡುವ ತರಬೇತಿಯೂ ಚೆನ್ನಾಗಿದೆ, ಒಂದು ಅರ್ಥದಲ್ಲಿ ಬೇಕಾದದ್ದಕ್ಕಿಂತ ಚೆನ್ನಾಗಿದೆ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ಮೈಕ್ರೋಫೈನಾನ್ಸ್ ನಿರ್ದೇಶನಗಳನ್ನು ನಮಗೆ ಸಾಲು ಸಾಲಾಗಿ ಓದಿಸಿದರು. ವಾರ್ಷಿಕ ಆದಾಯ ಮೂರು ಲಕ್ಷದವರೆಗೆ ಇರುವ ಕುಟುಂಬಕ್ಕೆ ಅಡಮಾನವಿಲ್ಲದೆ ಸಾಲ ಕೊಡಬಹುದು. ಎಲ್ಲ ಸಾಲಗಳ ಕಂತುಗಳೂ ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ವಸೂಲಿ ನಡೆಯಬೇಕಾದದ್ದು ಕಂಪನಿ ಮತ್ತು ಸಾಲಗಾರರು ಇಬ್ಬರೂ ಒಪ್ಪಿದ ನಿಗದಿತ ಸ್ಥಳದಲ್ಲಿ. ಸದಸ್ಯೆಯು, ಅಂದರೆ ಗುಂಪಿನಲ್ಲಿ ಸಾಲ ಪಡೆದ ಮಹಿಳೆಯು, ಸತತವಾಗಿ ಎರಡು ಅಥವಾ ಹೆಚ್ಚು ಬಾರಿ ಅಲ್ಲಿಗೆ ಬಾರದಿದ್ದರೆ ಮಾತ್ರ ಮನೆಗೋ ಕೆಲಸದ ಸ್ಥಳಕ್ಕೋ ಹೋಗಬಹುದು. ಬೆಳಿಗ್ಗೆ 9ರ ಮುಂಚೆ, ಸಂಜೆ 6ರ ನಂತರ ಸಾಲಗಾರರಿಗೆ ಕರೆ ಮಾಡುವುದು ಬಲವಂತದ ವಸೂಲಿ ಎನಿಸಿಕೊಳ್ಳುತ್ತದೆ. ಇವೆಲ್ಲವನ್ನೂ ಬಾಯಿಪಾಠ ಮಾಡಿ, ಪರೀಕ್ಷೆ ಬರೆದು, ಸಹಿ ಹಾಕಿ ಹೊರಬಂದ ಮೇಲೆ ಶಾಖೆಗೆ ಕಾಲಿಟ್ಟ ಮೊದಲ ವಾರದಲ್ಲೇ ಹಳಬರು ನಗುತ್ತಾ, "ಅದು ಆಡಿಟ್‌ಗೆ, ಇದು ಫೀಲ್ಡ್‌ಗೆ" ಎಂದರು.

ದಿನಚರಿ ಹೀಗಿರುತ್ತದೆ. ಸದಸ್ಯೆಯರು ಕೂಲಿಗೆ ಅಥವಾ ಗಾರ್ಮೆಂಟ್ಸ್‌ಗೆ ಹೊರಡುವ ಮುಂಚೆ, ಅವರೇ ಒಪ್ಪಿದ ಸಮಯದಲ್ಲಿ, ಏಳು ಗಂಟೆಗೆಲ್ಲ ಮೊದಲ ಸೆಂಟರ್ ಮೀಟಿಂಗ್, ಅಂದರೆ ಊರಿನ ಸಾಲದ ಗುಂಪುಗಳ ಸಭೆ, ಶುರುವಾಗುತ್ತದೆ. ಯಾರದೋ ಜಗುಲಿಯ ಮೇಲೆ ಚಾಪೆ, ಪ್ರತಿಜ್ಞೆ, ಹಾಜರಿ, ಕಂತು, ನೋಟುಗಳ ವಿವರ, ಟ್ಯಾಬ್‌ನಲ್ಲಿ ಎಂಟ್ರಿ, ನಂತರ ಮುಂದಿನ ಹಳ್ಳಿ. ಮಧ್ಯಾಹ್ನದೊಳಗೆ ಶಾಖೆಗೆ ಬಂದು ನಗದು ಒಪ್ಪಿಸಿ, ಬ್ಯಾಂಕಿಗೆ ಕಟ್ಟಿ, ಊಟ ಮಾಡಿ, ಹೊಸ ಗುಂಪುಗಳಿಗೆ ತರಬೇತಿ, ಮನೆ ಪರಿಶೀಲನೆ, ಕೊಟ್ಟ ಸಾಲ ಹೇಳಿದ ಉದ್ದೇಶಕ್ಕೇ ಬಳಕೆಯಾಗಿದೆಯೇ ಎಂಬ ತಪಾಸಣೆ (ಎಲ್‌ಯುಸಿ), ಇವುಗಳಿಗೆ ಮತ್ತೆ ಹೊರಡಬೇಕು. ಇಷ್ಟಕ್ಕೇ ದಿನ ಮುಗಿದಿದ್ದರೆ ಈ ಕೆಲಸವನ್ನು ಕಷ್ಟದ್ದು ಎನ್ನಬಹುದಿತ್ತೇ ಹೊರತು ಕೆಟ್ಟದ್ದು ಎನ್ನಲು ಕಾರಣವಿರಲಿಲ್ಲ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ದಿನಕ್ಕೆ ಒಂಬತ್ತು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆ ಎಂಬ ಮಿತಿಯಿದೆ, ಅದನ್ನು ಮೀರಿದರೆ ದುಪ್ಪಟ್ಟು ದರದ ಓವರ್‌ಟೈಮ್ ಇದೆ. ನಮ್ಮ ಶಾಖೆಯ ಹಾಜರಿ ಯಂತ್ರವೂ ಈ ಕಾಯ್ದೆಗೆ ಪೂರ್ಣ ವಿಧೇಯವಾಗಿತ್ತು: ಸಂಜೆ ಆರಕ್ಕೆ ಎಲ್ಲರೂ ಬೆರಳೊತ್ತಿ ದಿನವನ್ನು ಮುಗಿಸುತ್ತಿದ್ದರು, ಆಮೇಲೆ ಬೈಕ್ ಹತ್ತಿ ಓಡಿ ಕೇಸುಗಳ ಕಡೆಗೆ ಹೊರಡುತ್ತಿದ್ದರು. ಗಡುವು ಮೀರಿದ ಕಂತಿಗೆ ನಾವು ಹೇಳುವುದು ಓಡಿ ಎಂದು.

ಏರಿಯಾ ಮ್ಯಾನೇಜರ್ ಅವರ ಕರೆ ಬರುವುದು ಈ ಹೊತ್ತಿನಲ್ಲಿ. ಎಲ್ಲ ಶಾಖೆಗಳ ಮ್ಯಾನೇಜರುಗಳು ಒಟ್ಟಿಗೆ ಲೈನಿನಲ್ಲಿರುತ್ತಾರೆ, ಒಬ್ಬೊಬ್ಬರನ್ನೇ ಹೆಸರು ಹಿಡಿದು ಅಂದಿನ ಬಾಕಿ ಕೇಳಲಾಗುತ್ತದೆ. ಉತ್ತರ ಸೊನ್ನೆಯಾಗಿದ್ದರೆ ಮುಂದಿನ ಶಾಖೆ. ಅಲ್ಲದಿದ್ದರೆ ಉಳಿದವರೆಲ್ಲ ಕೇಳಿಸಿಕೊಳ್ಳುವಂತೆ ವಿಚಾರಣೆ. "ನಿಮಗೆ ಆಗಲ್ಲ ಅಂದ್ರೆ ಹೇಳ್ಬಿಡ್ರೀ, ಬೇರೆಯವರನ್ನ ಹಾಕ್ತೀನಿ" ಎಂಬುದು ಇವುಗಳಲ್ಲಿ ಸೌಮ್ಯವಾದದ್ದು. ಹೆಂಡತಿ ಮಕ್ಕಳಿರುವ, ತಲೆ ನರೆತ ಮನುಷ್ಯನನ್ನು ಇಪ್ಪತ್ತು ಜನರ ಎದುರು ಏಕವಚನದಲ್ಲಿ ಗದರಿದ್ದನ್ನು ನಾನು ಅದೇ ಲೈನಿನಲ್ಲಿದ್ದು ಕೇಳಿದ್ದೇನೆ. ಮನೆಗೆ ಹೋಗಿ ಕೂರಿ, ಕೊಡುವವರೆಗೆ ಏಳಬೇಡಿ ಎಂಬ ಮಾತನ್ನು ಯಾರೂ ಎಂದೂ ಬರೆದು ಕಳುಹಿಸುವುದಿಲ್ಲ. ಇಮೇಲ್‌ಗಳಲ್ಲಿ, ಸುತ್ತೋಲೆಗಳಲ್ಲಿ ಎಲ್ಲವೂ ರಿಸರ್ವ್ ಬ್ಯಾಂಕಿನ ಭಾಷೆಯಲ್ಲಿರುತ್ತದೆ. ಬಾಯಿಮಾತಿನ ಆದೇಶಕ್ಕೆ ದಾಖಲೆ ಇರುವುದಿಲ್ಲ. ಊರಿನವರು ತಿರುಗಿಬಿದ್ದು ವಿಡಿಯೋ ಮಾಡಿದರೆ ಅದರಲ್ಲಿ ಕಾಣುವುದು ಫೀಲ್ಡ್ ಆಫೀಸರನ ಮುಖ ಮಾತ್ರ, ಮತ್ತು ಮರುದಿನ ಅವನಿಗೆ ಬರುವ ನೋಟಿಸಿನಲ್ಲಿ ಅವನು ತರಬೇತಿಯ ದಿನ ಸಹಿ ಹಾಕಿದ ನಿಯಮಗಳೇ ಉಲ್ಲೇಖವಾಗಿರುತ್ತವೆ.

ಈ ಕರೆಯ ಫಲವಾಗಿ ಹುಟ್ಟಿಕೊಂಡ ಒಂದು ಪದ್ಧತಿಯನ್ನು ವಿವರವಾಗಿ ಹೇಳಬೇಕು, ಏಕೆಂದರೆ ಸಂದರ್ಶನದಲ್ಲಿ ಯಾರೂ ಇದರ ಸುದ್ದಿ ಎತ್ತುವುದಿಲ್ಲ. ಗುಂಪು ಸಾಲದಲ್ಲಿ ಒಬ್ಬಳು ಕಟ್ಟದಿದ್ದರೆ ಉಳಿದವರು ಕಟ್ಟಬೇಕೆಂಬ ಜಂಟಿ ಹೊಣೆ ಕಾಗದದ ಮೇಲಿದೆ. ಆದರೆ ಒಬ್ಬೊಬ್ಬರ ಹೆಸರಿನಲ್ಲೂ ನಾಲ್ಕಾರು ಕಂಪನಿಗಳ ಸಾಲವಿರುವ ಊರುಗಳಲ್ಲಿ ಆ ಹೊಣೆ ಸತ್ತು ಎಷ್ಟೋ ಕಾಲವಾಗಿದೆ. ಬಾಕಿ ಉಳಿದದ್ದು ಒಂದು ಸಾವಿರದ ಆಸುಪಾಸಿನ ಒಂದು ಕಂತು, ಸಮಯ ರಾತ್ರಿ ಎಂಟು, ಕರೆಯಲ್ಲಿ ಹೆಸರು ಬರಲಿದೆ, ಇನ್ಸೆಂಟಿವ್ ಕೈತಪ್ಪಲಿದೆ. ಆಗ ಫೀಲ್ಡ್ ಆಫೀಸರ್ ತನ್ನ ಜೇಬಿನಿಂದ ಆ ಕಂತನ್ನು ಕಟ್ಟಿ ಸೊನ್ನೆ ತೋರಿಸುತ್ತಾನೆ, ಮುಂದಿನ ವಾರ ಆ ಅಕ್ಕ ಎರಡು ಕಂತು ಒಟ್ಟಿಗೆ ಕೊಡುತ್ತಾಳೆಂಬ ನಂಬಿಕೆಯಿಂದ. ಕೆಲವರು ಕೊಡುತ್ತಾರೆ, ಕೊಡಲಾಗದವರೂ ಇರುತ್ತಾರೆ. ತಿಂಗಳ ಕೊನೆಗೆ ಸಂಬಳದ ಒಂದು ಪಾಲು ಹೀಗೆ ಹಳ್ಳಿಗಳಲ್ಲಿ ಹಂಚಿಹೋಗಿರುತ್ತದೆ, ಅದನ್ನು ತುಂಬಲು ಫೋನಿನ ಆ್ಯಪ್‌ಗಳಲ್ಲಿ ಸಾಲ ತೆಗೆದ ಹುಡುಗರನ್ನು ನಾನು ಬಲ್ಲೆ. ಸಾಲ ಕೊಡುವ ಕಂಪನಿಯ ನೌಕರ ಕೆಲಸ ಉಳಿಸಿಕೊಳ್ಳಲು ಸಾಲಗಾರನಾಗುವುದು ಇಲ್ಲಿ ಅಪರೂಪದ ಸಂಗತಿಯಲ್ಲ.

ಇದರಲ್ಲಿ ಇನ್ನೊಂದು ಕ್ರೌರ್ಯವಿದೆ. ಸ್ವಂತ ಹಣದಿಂದ ಸದಸ್ಯೆಯ ಕಂತು ಕಟ್ಟುವುದು ಕಂಪನಿಯ ನಿಯಮದ ಪ್ರಕಾರ ಗಂಭೀರ ಅಪರಾಧ, ಆಡಿಟ್‌ನಲ್ಲಿ ಸಿಕ್ಕಿಬಿದ್ದರೆ ಕೆಲಸ ಹೋಗುತ್ತದೆ. ಸಂಜೆಯ ಕರೆಯಲ್ಲಿ "ಏನಾದ್ರೂ ಮಾಡಿ ಝೀರೋ ಮಾಡಿ" ಎಂದವರೇ, ಕೆಲವು ತಿಂಗಳ ನಂತರ ಆಡಿಟ್ ವರದಿ ಕೈಯಲ್ಲಿ ಹಿಡಿದು, ಇಂತಹ ಅಶಿಸ್ತನ್ನು ಸಂಸ್ಥೆ ಸಹಿಸುವುದಿಲ್ಲ ಎಂದು ಭಾಷಣ ಮಾಡುತ್ತಾರೆ. ಆಡಿಟ್ ವಿಭಾಗದವರ ಮೇಲೆ ನನಗೆ ಕೋಪವಿಲ್ಲ. ಅವರು ಮನೆಮನೆಗೆ ಹೋಗಿ ಪಾಸ್‌ಬುಕ್ ತಾಳೆ ನೋಡುವ ರೀತಿ ಶ್ಲಾಘನೀಯ, ಮತ್ತು ನಗದು ಕೈಯಲ್ಲಿರುವ ಕೆಲಸದಲ್ಲಿ ಅಂತಹ ಕಣ್ಣು ಬೇಕೇ ಬೇಕು. ಆದರೆ ಅವರ ವರದಿಯಲ್ಲಿ ಆ ಹಣ ಏಕೆ ಕಟ್ಟಲಾಯಿತು ಎಂಬುದಕ್ಕೆ ಒಂದು ಕಾಲಂ ಇಲ್ಲ. ಇದರಿಂದ ಕಂಪನಿಗೂ ನಷ್ಟವೇ: ಕಟ್ಟಲಾರದ ಮಹಿಳೆಯ ಖಾತೆ, ಸಾಲದ ಇತಿಹಾಸ ದಾಖಲಿಸುವ ಕ್ರೆಡಿಟ್ ಬ್ಯೂರೋದಲ್ಲಿ ಚೊಕ್ಕಟವಾಗಿ ಕಾಣುತ್ತದೆ, ಆ ಚೊಕ್ಕಟ ದಾಖಲೆಯ ಆಧಾರದ ಮೇಲೆ ಅವಳಿಗೆ ಇನ್ನೊಂದು ಸಾಲ ಸಿಗುತ್ತದೆ, ಮತ್ತು ಬೆಂಗಳೂರಿನ ಕಚೇರಿಯಲ್ಲಿ ಕುಳಿತವರು ತಾವೇ ಹೆದರಿಸಿ ಬರೆಸಿಕೊಂಡ ಅಂಕಿಗಳನ್ನು ನಿಜವೆಂದು ನಂಬಿ ಮುಂದಿನ ತ್ರೈಮಾಸಿಕದ ಗುರಿ ನಿಗದಿಪಡಿಸುತ್ತಾರೆ.

ಎಲ್ಲ ಮೇಲಧಿಕಾರಿಗಳೂ ಹೀಗಿದ್ದರು ಎಂದರೆ ಅನ್ಯಾಯವಾದೀತು. ನಾನು ಹೊಸದಾಗಿ ಸೇರಿದಾಗ ನಮ್ಮ ಶಾಖೆಯ ಮ್ಯಾನೇಜರ್ ಆಗಿದ್ದ ಹಿರಿಯರೊಬ್ಬರು, "ಬಂದಷ್ಟು ಬರೀರಿ, ಬಾರದೇ ಇದ್ದದ್ದಕ್ಕೆ ಮೇಲೆ ನಾನು ಉತ್ತರ ಹೇಳ್ತೀನಿ" ಎನ್ನುತ್ತಿದ್ದರು, ಹಾಗೆಯೇ ನಡೆದುಕೊಂಡರು ಕೂಡ. ಗಂಡನ ಆಸ್ಪತ್ರೆ ಖರ್ಚಿನಿಂದ ಕಂತು ತಪ್ಪಿಸಿದವಳು ಯಾರು, ಊರಿನ ಮಧ್ಯವರ್ತಿಗೆ ತನ್ನ ಹೆಸರಿನಲ್ಲಿ ಸಾಲ ತೆಗೆದುಕೊಟ್ಟು ಸಿಕ್ಕಿಕೊಂಡವಳು ಯಾರು, ಹಣವಿದ್ದೂ ಕಟ್ಟದವಳು ಯಾರು ಎಂದು ಅವರು ಪ್ರತ್ಯೇಕವಾಗಿ ಬರೆದಿಡುತ್ತಿದ್ದರು. ಮೂವರೊಂದಿಗೂ ಬೇರೆ ಬೇರೆ ರೀತಿಯಲ್ಲಿ ಮಾತನಾಡಬೇಕೆಂದು ನಮಗೆ ಕಲಿಸಿದವರೂ ಅವರೇ. ಅವರ ಶಾಖೆಯ ಬಾಕಿ ನಿಜವಾದ ಬಾಕಿಯಾಗಿದ್ದ ಕಾರಣ ಪಟ್ಟಿಯಲ್ಲಿ ಅದು ಸದಾ ಕೆಳಗಿರುತ್ತಿತ್ತು. ಕೊನೆಗೆ ಅವರನ್ನು ದೂರದ ಜಿಲ್ಲೆಗೆ ವರ್ಗಾಯಿಸಿದರು. ಅವರ ಜಾಗಕ್ಕೆ ಬಂದವರು ಒಂದೇ ತಿಂಗಳಲ್ಲಿ ಶಾಖೆಯನ್ನು ಸರಿಪಡಿಸಿದರು, ಅದಕ್ಕಾಗಿ ಬಹುಮಾನವನ್ನೂ ಪಡೆದರು. ಹೇಗೆ ಸರಿಪಡಿಸಿದರೆಂಬುದು ನಮ್ಮೆಲ್ಲರ ಜೇಬಿಗೆ ಗೊತ್ತಿತ್ತು.

ಇನ್ಸೆಂಟಿವ್ ಲೆಕ್ಕವನ್ನು ಸಂದರ್ಶನದಲ್ಲಿ ಬಹಳ ಬಣ್ಣಿಸುತ್ತಾರೆ. ಸದಸ್ಯೆಯರ ಸಂಖ್ಯೆ, ಸಾಲ ವಿತರಣೆ ಮತ್ತು ವಸೂಲಿಯ ಶೇಕಡಾವಾರು, ಈ ಮೂರರ ಮೇಲೆ ಅದು ನಿಂತಿದೆ. ವಸೂಲಿ ಒಂದು ಮಟ್ಟಕ್ಕಿಂತ ಕುಸಿದರೆ ಉಳಿದೆರಡರ ದುಡಿಮೆಯೂ ಸೊನ್ನೆ. 2010ರ ಆಂಧ್ರಪ್ರದೇಶದ ಮೈಕ್ರೋಫೈನಾನ್ಸ್ ಬಿಕ್ಕಟ್ಟಿನ ನಂತರ ರಿಸರ್ವ್ ಬ್ಯಾಂಕ್ ನೇಮಿಸಿದ ಮಾಲೆಗಾಂ ಸಮಿತಿಯ ಬೆನ್ನಲ್ಲೇ ಬ್ಯಾಂಕ್ ರೂಪಿಸಿದ ನ್ಯಾಯೋಚಿತ ನಡವಳಿಕೆಯ ಸಂಹಿತೆಯು, ಕ್ಷೇತ್ರ ಸಿಬ್ಬಂದಿಯ ಸಂಭಾವನೆಯು ಎಷ್ಟು ಸಾಲ ಹಂಚಿದರು, ಎಷ್ಟು ವಸೂಲಿ ಮಾಡಿದರು ಎಂಬುದಕ್ಕಿಂತ ಸೇವೆ ಮತ್ತು ಸಾಲಗಾರರ ತೃಪ್ತಿಗೆ ಹೆಚ್ಚು ಒತ್ತು ಕೊಡಬೇಕೆಂದು ಹೇಳಿತ್ತು. ನನ್ನ ಕಂಪನಿಯ ಇನ್ಸೆಂಟಿವ್ ಪಟ್ಟಿಯಲ್ಲಿ ಸಾಲಗಾರರ ತೃಪ್ತಿಗೆ ಒಂದು ರೂಪಾಯಿಯೂ ಇರಲಿಲ್ಲ; ಸಾಲಗಾರರ ದೂರಿಗೆ ಮಾತ್ರ ಕಡಿತವಿತ್ತು.

2025ರ ಆರಂಭದ ತಿಂಗಳುಗಳಲ್ಲಿ ಆಡಳಿತದ ನಿಜವಾದ ಗುಣ ಹೊರಬಂತು. ಚಾಮರಾಜನಗರವೂ ಸೇರಿದಂತೆ ಹಲವು ಜಿಲ್ಲೆಗಳಲ್ಲಿ ಕಿರುಕುಳ ತಾಳಲಾರದೆ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿಗಳು ಬಂದವು, ಆತ್ಮಹತ್ಯೆಗಳ ಸುದ್ದಿ ಬಂತು. ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ರಾಜ್ಯಪಾಲರು ಒಮ್ಮೆ ಹಿಂದಿರುಗಿಸಿ, ಫೆಬ್ರವರಿ 12ರಂದು ಅದಕ್ಕೆ ಅಂಕಿತ ಹಾಕಿದರು. ಬಲವಂತದ ವಸೂಲಿಗೆ ಹತ್ತು ವರ್ಷಗಳವರೆಗೆ ಸೆರೆವಾಸ, ಐದು ಲಕ್ಷ ರೂಪಾಯಿಗಳವರೆಗೆ ದಂಡ ಎಂಬ ಸಾಲು ಹಳ್ಳಿಯ ಅಂಗಡಿಗಳಲ್ಲೂ ಚರ್ಚೆಯಾಗುತ್ತಿತ್ತು. ಬಾಗಿಲಿಗೆ ಬಂದವನ ಕಂಪನಿ ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತವೋ, ಲೈಸೆನ್ಸ್ ಇಲ್ಲದ ಬಡ್ಡಿ ವ್ಯವಹಾರದ್ದೋ ಎಂದು ಆಗ ಯಾರೂ ಕೇಳುತ್ತಿರಲಿಲ್ಲ. ಬ್ಯಾಗು ಹಾಕಿಕೊಂಡು ಬೈಕಿನಲ್ಲಿ ಬಂದವರೆಲ್ಲ ಒಂದೇ. ನಮ್ಮ ಹುಡುಗರ ಬೈಕ್ ಕೀಲಿ ಕಿತ್ತುಕೊಂಡರು, ದೇವಸ್ಥಾನದ ಕಟ್ಟೆಯ ಮೇಲೆ ಕೂರಿಸಿ ವಿಚಾರಿಸಿದರು. ಊರಿನವರ ಸಿಟ್ಟಿಗೆ ಕಾರಣವಿತ್ತು. ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಅಂತಹ ಹೊತ್ತಿನಲ್ಲಿ ಕಂಪನಿ ಮಾಡಿದ್ದೆಂದರೆ, ನಿಯಮ ಮೀರಿದರೆ ಸಿಬ್ಬಂದಿಯೇ ವೈಯಕ್ತಿಕವಾಗಿ ಹೊಣೆ ಎಂಬ ಪತ್ರಕ್ಕೆ ಎಲ್ಲರಿಂದ ಸಹಿ ಪಡೆದದ್ದು. ರಿಸರ್ವ್ ಬ್ಯಾಂಕಿನ ನಿರ್ದೇಶನವು ನೌಕರರ ಅನುಚಿತ ವರ್ತನೆಗೆ ಸಂಸ್ಥೆಯೇ ಉತ್ತರದಾಯಿ ಎನ್ನುತ್ತದೆ. ನಮ್ಮ ಪತ್ರ ಹೇಳಿದ್ದು ಅದಕ್ಕೆ ವಿರುದ್ಧ. ಸಂಜೆಯ ಕರೆ ಒಂದು ದಿನವೂ ನಿಲ್ಲಲಿಲ್ಲ, ಆದರೆ ಅದರಲ್ಲಿ ಹೊಸದೊಂದು ವಾಕ್ಯ ಸೇರಿಕೊಂಡಿತು: ಕಾನೂನಿನ ಒಳಗೇ ಇದ್ದುಕೊಂಡು ಝೀರೋ ಮಾಡಿ. ಹುಡುಗರು ಒಬ್ಬೊಬ್ಬರಾಗಿ ಕೆಲಸ ಬಿಟ್ಟರು, ಅವರ ಸೆಂಟರ್‌ಗಳು ಉಳಿದವರ ತಲೆಗೆ ಬಂದವು. ಒಬ್ಬ ಸಾಲಗಾರರಿಗೆ ಇಂತಿಷ್ಟೇ ಕಂಪನಿಗಳು ಸಾಲ ಕೊಡಬೇಕೆಂದು ಈ ಉದ್ಯಮದ ಸಂಘಟನೆಯು ಮೊದಲು ನಾಲ್ಕು, ಆಮೇಲೆ ಮೂರು ಎಂದು ಮಿತಿ ಹಾಕಿದ್ದು ಸರಿಯಾದ ಕ್ರಮವೇ ಆಗಿತ್ತು. ಅದರಿಂದ ಹೊಸ ಸಾಲ ವಿತರಣೆ ಇಳಿಯಿತು, ಇನ್ಸೆಂಟಿವ್ ಇಳಿಯಿತು, ವಸೂಲಿಯ ಗುರಿ ಮಾತ್ರ ಇದ್ದಲ್ಲೇ ಇತ್ತು. ನಾನು ರಾಜೀನಾಮೆ ಬರೆದದ್ದು ಆ ದಿನಗಳಲ್ಲಿ.

ರಜೆ ಮತ್ತು ವರ್ಗಾವಣೆಯ ಬಗ್ಗೆ ಕೆಲವು ಮಾತು. ಸ್ವಂತ ತಾಲ್ಲೂಕಿನಲ್ಲಿ ಕೆಲಸ ಕೊಡುವುದಿಲ್ಲ. ಪರಿಚಯದವರಿಗೆ ಸಾಲ ಕೊಟ್ಟು ಕೈಮೀರಬಾರದೆಂಬ ಆ ನಿಯಮಕ್ಕೆ ಅರ್ಥವಿದೆ. ಶಾಖೆಯ ಮಹಡಿಯ ಮೇಲೆ ಉಚಿತ ವಸತಿ ಇದೆ, ಚಾಪೆ ಹಾಸಿ ಮಲಗಲು ತಕರಾರಿಲ್ಲದವರಿಗೆ ಅದರಿಂದ ದುಡ್ಡು ಉಳಿಯುತ್ತದೆ. ತೊಂದರೆಯೆಂದರೆ ಕಚೇರಿಯಲ್ಲೇ ಮಲಗುವವನಿಗೆ ಕೆಲಸ ಮುಗಿಯಿತೆಂದು ಹೇಳಲು ಬಾಗಿಲೇ ಇರುವುದಿಲ್ಲ, ಮತ್ತು ತಿಂಗಳ ಕೊನೆಯ ಭಾನುವಾರಗಳು ರಿಕವರಿ ಡ್ರೈವ್ ಹೆಸರಿನಲ್ಲಿ ಹೋಗುತ್ತವೆ.

ಮಹಿಳಾ ಸಿಬ್ಬಂದಿ ಕಡಿಮೆ. ಸಾಲ ಪಡೆಯುವವರೆಲ್ಲ ಹೆಂಗಸರಾಗಿರುವ ವ್ಯವಹಾರದಲ್ಲಿ ಫೀಲ್ಡ್‌ಗೆ ಹೆಂಗಸರು ಏಕೆ ನಿಲ್ಲುವುದಿಲ್ಲವೆಂದು ಮೇಲಿನವರು ಸಭೆಗಳಲ್ಲಿ ಆಶ್ಚರ್ಯಪಡುತ್ತಾರೆ. ನಮ್ಮ ಶಾಖೆಯಲ್ಲಿದ್ದ ಸಹೋದ್ಯೋಗಿಯೊಬ್ಬರು ಬೆಳಿಗ್ಗೆ ಹೊರಟರೆ ಮಧ್ಯಾಹ್ನದವರೆಗೆ ಶೌಚಾಲಯ ಸಿಗದೆಂದು ನೀರನ್ನೇ ಕುಡಿಯುತ್ತಿರಲಿಲ್ಲ. ರಾತ್ರಿ ಓಡಿ ಕೇಸಿಗೆ ಹೋಗಲಾಗದೆಂದು ಹೇಳಿದ್ದಕ್ಕೆ ಅವರ ವಾರ್ಷಿಕ ಮೌಲ್ಯಮಾಪನದಲ್ಲಿ ಬದ್ಧತೆ ಕಡಿಮೆ ಎಂದು ಬರೆದರು. ಲೈಂಗಿಕ ಕಿರುಕುಳ ತಡೆಯ 2013ರ ಕಾಯ್ದೆಯಂತೆ ಬೇರೆ ಬೇರೆ ಊರುಗಳಲ್ಲಿರುವ ಕಚೇರಿಗಳಲ್ಲೂ ಆಂತರಿಕ ಸಮಿತಿ ಇರಬೇಕು. ನಮ್ಮ ಗೋಡೆಯ ಮೇಲಿದ್ದದ್ದು ಪ್ರಧಾನ ಕಚೇರಿಯ ಸಮಿತಿಯ ಪೋಸ್ಟರ್.

ಇಷ್ಟು ಓದಿಯೂ ಸೇರಬೇಕೆನ್ನುವವರಿಗೆ, ಬೇರೆ ದಾರಿಯಿಲ್ಲದೆ ಸೇರುವವರಿಗೆ, ಬಿಡುವ ಸಮಯದ ಬಗ್ಗೆ ಈಗಲೇ ಹೇಳುತ್ತೇನೆ, ಏಕೆಂದರೆ ಹೆಚ್ಚಿನವರು ಏಟು ತಿನ್ನುವುದು ಅಲ್ಲಿ. ಮೂಲ ಅಂಕಪಟ್ಟಿಗಳನ್ನು ಪರಿಶೀಲನೆಗೆಂದು ಕೇಳಿದರೆ ತೋರಿಸಿ ವಾಪಸ್ ಪಡೆಯಿರಿ; ಇಟ್ಟುಕೊಳ್ಳುತ್ತೇವೆಂದರೆ ಸ್ವೀಕೃತಿ ಪತ್ರವಿಲ್ಲದೆ ಕೊಡಬೇಡಿ. ರಾಜೀನಾಮೆಯನ್ನು ವಾಟ್ಸ್ಆ್ಯಪ್‌ನಲ್ಲಿ ಕಳುಹಿಸದೆ ಇಮೇಲ್ ಮೂಲಕವೇ ಕಳುಹಿಸಿ, ನೋಟಿಸ್ ಅವಧಿ ಆರಂಭವಾದ ದಿನಕ್ಕೆ ಅದೊಂದೇ ಸಾಕ್ಷಿ. ನೀವು ನೋಡಿಕೊಳ್ಳುತ್ತಿದ್ದ ಸೆಂಟರ್‌ಗಳ ಆಡಿಟ್ ಮುಗಿಯುವವರೆಗೆ ರಿಲೀವಿಂಗ್ ಲೆಟರ್ ಕೊಡುವುದಿಲ್ಲ, ಅದಿಲ್ಲದೆ ಪಕ್ಕದ ಬೀದಿಯ ಕಂಪನಿ ನಿಮ್ಮನ್ನು ತೆಗೆದುಕೊಳ್ಳುವುದಿಲ್ಲ. ನನಗೆ ಆ ಪತ್ರ ಸಿಗಲು ಬಹಳ ಕಾಲ ಹಿಡಿಯಿತು. ಕೊನೆಯ ಬಾಕಿ ವೇತನಕ್ಕೆ ಅಲೆಸುವ ಅಭ್ಯಾಸವೂ ಇದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ ರಾಜೀನಾಮೆ ಕೊಟ್ಟವರ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಚುಕ್ತಾ ಮಾಡಬೇಕು, ಎಚ್‌ಆರ್ ವಿಭಾಗಕ್ಕೆ ಬರೆಯುವಾಗ ಆ ಸಂಹಿತೆಯ ಹೆಸರನ್ನು ನಮೂದಿಸಿ. ಪಿಎಫ್ ಖಾತೆಯಲ್ಲಿ ಕೆಲಸ ಬಿಟ್ಟ ದಿನಾಂಕವನ್ನು ಕಂಪನಿ ತುಂಬದಿದ್ದರೆ, ಕೊನೆಯ ವಂತಿಗೆಯಾಗಿ ಎರಡು ತಿಂಗಳು ಕಳೆದ ಮೇಲೆ ಇಪಿಎಫ್‌ಒ ಜಾಲತಾಣದಲ್ಲಿ ನೀವೇ ಅದನ್ನು ದಾಖಲಿಸಬಹುದು. ಆಧಾರ್‌ಗೆ ಜೋಡಣೆಯಾದ ಮೊಬೈಲ್ ಸಂಖ್ಯೆ ಚಾಲ್ತಿಯಲ್ಲಿದ್ದರೆ ಸಾಕು, ಶಾಖೆಗೆ ಹೋಗಿ ಯಾರನ್ನೂ ಕೇಳಬೇಕಾಗಿಲ್ಲ.